ಬಿಳಿತಲೆ, ನೀಲಿತಲೆ

ಗಡ್ಡದಮ್ಮನಿಗೆ ಗಡ್ಡ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ತೋಟಕ್ಕೆ ಹೊಸದಾಗಿ ಕೆಲಸಕ್ಕೆ ಬಂದವರೆಲ್ಲ ಆ ಹೆಸರು ಕೇಳಿದ ಕೂಡಲೇ ಅವಳ ಗಲ್ಲ ನೋಡುತ್ತಿದ್ದರು. ಗಡ್ಡ ಇದ್ದದ್ದು ಹೂವಿಗೆ. ಆ ತೋಟದಲ್ಲಿ ಬೆಳೆಯುತ್ತಿದ್ದದ್ದು ಐರಿಸ್ ಎಂಬ ಒಂದೇ ಹೂವು. ಅದಕ್ಕೆ ಆರು ಎಸಳು. ಮೂರು ಮೇಲೆದ್ದು ಒಂದಕ್ಕೊಂದು ಒರಗಿ ನಿಲ್ಲುತ್ತವೆ, ಅದನ್ನು ತೋಟದವರು ತಲೆ ಎನ್ನುತ್ತಾರೆ. ಉಳಿದ ಮೂರು ಕೆಳಕ್ಕೆ ಇಳಿಬೀಳುತ್ತವೆ, ಅದು ಲಂಗ. ಲಂಗದ ಎಸಳು ಶುರುವಾಗುವ ಕಡೆ ಮೆತ್ತನೆಯ ಕೂದಲಿನ ಒಂದು ಪಟ್ಟಿ ಇರುತ್ತದೆ, ಅದೇ ಗಡ್ಡ. ಮೂವತ್ತು ವರ್ಷ ಆ ಗಡ್ಡಗಳ ನಡುವೆ ಬಗ್ಗಿ ಬಗ್ಗಿ ಓಡಾಡಿದವಳಿಗೆ ಬೇರೆ ಹೆಸರು ಹುಟ್ಟುವುದಾದರೂ ಹೇಗೆ? ಸ್ವಂತ ಹೆಸರು ಸಂಬಳದ ಪುಸ್ತಕದಲ್ಲಿ ಇತ್ತೋ ಏನೋ, ಕರೆಯುವವರು ಯಾರೂ ಇರಲಿಲ್ಲ.

ಅವಳ ಕೆಲಸ ಬಣ್ಣ ಹೇಳುವುದು. ಕೇಳುವುದಕ್ಕೆ ಮಕ್ಕಳಾಟ ಅನ್ನಿಸುತ್ತದೆ, ಮಾಡಿದವರಿಗೆ ಗೊತ್ತು ಅದರ ಕಷ್ಟ. ಬೀಜದಿಂದ ಎದ್ದ ಐರಿಸ್ ತಾಯಿಯ ಹಾಗೇ ಇರಬೇಕೆಂಬ ನಿಯಮವೇನೂ ಇಲ್ಲ. ಒಂದೇ ಮಡಿಯಲ್ಲಿ ಅಕ್ಕಪಕ್ಕ ನಿಂತ ಗಿಡಗಳು ಹೂ ಬಿಟ್ಟಾಗ ಹತ್ತು ತಂದೆಯ ಮಕ್ಕಳ ಹಾಗೆ ಕಾಣುತ್ತವೆ. ಹೂ ಉದುರಿತೋ, ಎಲ್ಲವೂ ಮತ್ತೆ ಒಂದೇ. ಗೆಡ್ಡೆ ಅಗೆದು ತೆಗೆದರೆ ಎಲ್ಲವೂ ಒಣಶುಂಠಿ. ಹೀಗಾಗಿ ಚಳಿ ಮುಗಿದು ಹೂ ಅರಳುವ ಆ ಕೆಲವೇ ವಾರಗಳಲ್ಲಿ ಒಬ್ಬರು ಪ್ರತಿ ಗಿಡದ ಮುಂದೆ ನಿಂತು ಇದು ಇಂಥ ಜಾತಿ ಎಂದು ಹೇಳಿ, ಕಾಂಡದ ಬುಡಕ್ಕೆ ಆ ಹೆಸರಿನ ತಗಡಿನ ಬಿಲ್ಲೆ ಕಟ್ಟಬೇಕು. ಬೇಸಿಗೆಯಲ್ಲಿ ಬಿಲ್ಲೆ ನೋಡಿಕೊಂಡು ಗೆಡ್ಡೆ ಅಗೆಯುತ್ತಾರೆ, ಪೆಟ್ಟಿಗೆಗೆ ತುಂಬುತ್ತಾರೆ, ಕೊಂಡವರಿಗೆ ಕಳಿಸುತ್ತಾರೆ. ಬಿಲ್ಲೆ ತಪ್ಪಿದ್ದರೆ ಅದು ಬಯಲಾಗುವುದು ಮುಂದಿನ ವರ್ಷ, ಯಾರದೋ ಅಂಗಳದಲ್ಲಿ.

ಪುಸ್ತಕದಲ್ಲಿ ಆ ಜಾತಿಗಳಿಗೆ ನಾಲಗೆ ಹೊರಳದ ಹೆಸರುಗಳಿವೆ. ತೋಟದಲ್ಲಿ ನಡೆಯುತ್ತಿದ್ದದ್ದು ಗಡ್ಡದಮ್ಮನ ಹೆಸರುಗಳು. ತಲೆ, ಲಂಗ ಎರಡೂ ಒಂದೇ ಬಣ್ಣವಾದರೆ ಒಂಟಿ. ಬಿಳಿ ಎಸಳಿನ ಅಂಚಿಗೆ ಬಣ್ಣದ ದಾರದಲ್ಲಿ ಹೆಮ್ಮಿಂಗ್ ಹಾಕಿದ ಹಾಗಿದ್ದರೆ ಹೊಲಿಗೆ. ಬಣ್ಣ ಅಡ್ಡಾದಿಡ್ಡಿ ಸಿಡಿದಿದ್ದರೆ ಎರಚು. ತಲೆ ಹಳದಿ, ಲಂಗ ಕಂದು ಆದರೆ ಹಳದಿತಲೆ. ಇಷ್ಟನ್ನು ಯಾರು ಬೇಕಾದರೂ ಒಂದು ಬೆಳಿಗ್ಗೆ ಕಲಿಯಬಹುದು. ಪ್ರಾಣ ತಿನ್ನುತ್ತಿದ್ದದ್ದು ಉಳಿದ ಎರಡು. ತಲೆ ಅಪ್ಪಟ ಬಿಳಿ, ಲಂಗ ಗಾಢ ನೀಲಿ ಇದ್ದರೆ ಬಿಳಿತಲೆ. ಇದು ಅಪರೂಪ, ಕೊಳ್ಳುವವರು ಮುಗಿಬೀಳುತ್ತಾರೆ. ಲಂಗ ಅದೇ ಗಾಢ ನೀಲಿ, ತಲೆ ಮಾತ್ರ ತಿಳಿನೀಲಿ ಇದ್ದರೆ ನೀಲಿತಲೆ. ಇದು ಕಳೆಯ ಹಾಗೆ ಬೆಳೆಯುತ್ತದೆ, ಕೇಳುವವರಿಲ್ಲ. ಎರಡಕ್ಕೂ ಇರುವ ಅಂತರ, ಒಗೆದ ಬಿಳಿ ಬಟ್ಟೆ ನೀಲಿಯಲ್ಲಿ ಅದ್ದುವ ಮೊದಲು ಹೇಗಿತ್ತು, ಅದ್ದಿದ ಮೇಲೆ ಹೇಗಾಯಿತು ಅನ್ನುವಷ್ಟೇ.

ಅವಳಿಗೆ ಅವಳದೇ ಕಟ್ಟಳೆಗಳಿದ್ದವು. ಸೂರ್ಯ ನೆತ್ತಿಗೇರುವ ಮೊದಲು ನೋಡಬೇಕು, ಬಿಸಿಲು ಬೆನ್ನಿಗಿರಬೇಕು, ಒಂದೇ ಸಲ ನೋಡಬೇಕು. ದಿಟ್ಟಿಸಿ ನೋಡುತ್ತ ನಿಂತವರಿಗೆ ಇಲ್ಲದ ಬಣ್ಣವೆಲ್ಲ ಕಾಣಿಸುತ್ತದೆ ಎನ್ನುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ತೋಟದ್ದೇ ಆಗಿತ್ತು: ಬಣ್ಣ ಹೇಳುವವಳು ಕಟ್ಟಿದ ಬಿಲ್ಲೆಯನ್ನು ಗೆಡ್ಡೆ ಅಗೆಯುವ ತನಕ ಇನ್ನೊಂದು ಕೈ ಮುಟ್ಟಕೂಡದು. ಹಿಂದೊಮ್ಮೆ ಒಬ್ಬ ಬಿಳಿತಲೆಗಳ ಬಿಲ್ಲೆ ಬಿಚ್ಚಿ, ನೀಲಿತಲೆಯ ಬಿಲ್ಲೆ ಕಟ್ಟಿ, ಅಗ್ಗದ ದರದಲ್ಲಿ ತನ್ನ ದಲ್ಲಾಳಿಗೆ ಕೊಡಿಸುತ್ತಿದ್ದ. ಅವನನ್ನು ಹಿಡಿದುಕೊಟ್ಟವಳು ಇವಳೇ. ಅಂದಿನಿಂದ ಆ ತೋಟದಲ್ಲಿ ಬಿಲ್ಲೆ ಮುಟ್ಟುವುದೂ ಗಲ್ಲಾಪೆಟ್ಟಿಗೆಗೆ ಕೈ ಹಾಕುವುದೂ ಒಂದೇ ಎಂದಾಯಿತು.

ಮನೆಯಲ್ಲಿ ಇದ್ದದ್ದು ಇಬ್ಬರು, ಅವಳು ಮತ್ತು ಸೊಸೆ. ತೋಟದ ಬೇಲಿಗೆ ಅಂಟಿಕೊಂಡ ಎರಡು ಕೋಣೆಯ ಮನೆ ಅದು. ಬಣ್ಣ ಹೇಳುವವರಿಗೆಂದು ತೋಟದ ಯಜಮಾನರು ಕಟ್ಟಿಸಿದ್ದು, ಕೆಲಸ ಇರುವ ತನಕ ಮನೆ. ಮಗ ಅಲ್ಲೇ ಗೆಡ್ಡೆ ಅಗೆಯುತ್ತಿದ್ದ, ಟ್ರ್ಯಾಕ್ಟರ್ ಮಗುಚಿ ಹೋದ. ಮದುವೆಯಾಗಿ ನಾಲ್ಕು ವರ್ಷವೂ ಆಗಿರಲಿಲ್ಲ, ಮಕ್ಕಳೂ ಆಗಿರಲಿಲ್ಲ. ಸೊಸೆಯ ಅಣ್ಣ ಬಂದು ತಂಗಿಯನ್ನು ಕರೆದ. ಅವಳು ಹೋಗಲಿಲ್ಲ. ಅತ್ತೆ ಒಬ್ಬರೇ ಆಗುತ್ತಾರೆ ಅಂದಳು. ಆ ಮಾತನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಗಡ್ಡದಮ್ಮ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದಳು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಈ ಮನೆಗೆ ಬಂದು ನೋಡಬೇಕಿತ್ತು. ಹಾಗೆಂದು ಬಾಯಿ ತುಂಬ ಮಾತಾಡಿಕೊಂಡು ಇರುತ್ತಿದ್ದರು ಎಂದಲ್ಲ. ಗಡ್ಡದಮ್ಮನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸೊಸೆ ಅದಕ್ಕೆ ಎದುರಾಡುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಸಿಟ್ಟು ಇಳಿದ ಮೇಲೆ ಒಂದು ಲೋಟ ಟೀ ತಂದು ಪಕ್ಕದಲ್ಲಿಡುತ್ತಿದ್ದಳು. ರಾಜಿ ಅಲ್ಲಿಗೆ ಮುಗಿಯುತ್ತಿತ್ತು. ಹೂವಿನ ದಿನಗಳಲ್ಲಿ ಅವಳು ಅತ್ತೆಯ ಹಿಂದೆ ಬಿಲ್ಲೆಯ ಚೀಲ ಹೊತ್ತು ನಡೆಯುತ್ತಿದ್ದಳು. ಅತ್ತೆ ನೋಡಿ ಹೇಳುವುದು, ಸೊಸೆ ಬಿಲ್ಲೆ ತೆಗೆದು ಕೊಡುವುದು, ಅತ್ತೆ ಕಟ್ಟುವುದು. ತನ್ನ ಕಾಲವಾದ ಮೇಲೆ ಇವಳೇ ಬಣ್ಣ ಹೇಳುತ್ತಾಳೆ, ಮನೆ ಇವಳಿಗೇ ಉಳಿಯುತ್ತದೆ ಎಂಬುದು ಮುದುಕಿಯ ಲೆಕ್ಕ. ಗಂಡ ಸತ್ತವಳ ತಲೆಯ ಮೇಲೆ ಒಂದು ಸೂರು ಇರಲಿ ಎಂಬ ಆಸೆ ಒಂದನ್ನು ಬಿಟ್ಟರೆ ಅವಳಿಗೆ ಬೇರೆ ಆಸೆಗಳಿರಲಿಲ್ಲ.

ಹೀಗಿರುವಾಗ ಒಂದು ವರ್ಷ ಸೊಸೆಗೆ ಏನೋ ಸರಿ ಇಲ್ಲ ಅನ್ನಿಸತೊಡಗಿತು. ಅತ್ತೆ ಬಿಳಿತಲೆ ಎಂದು ಹೇಳಿದ ಹೂವು ಅವಳ ಕಣ್ಣಿಗೆ ನೀಲಿತಲೆಯಾಗಿ ಕಾಣುತ್ತಿತ್ತು. ಮೊದಲು ತನ್ನದೇ ತಪ್ಪು ಎಂದುಕೊಂಡಳು. ಅತ್ತೆ ಮುಂದೆ ಹೋದ ಮೇಲೆ ಎಸಳು ಕಿತ್ತು ತನ್ನ ಬಿಳಿ ಸೆರಗಿನ ಮೇಲಿಟ್ಟು ನೋಡಿದಳು. ನೀಲಿಯೇ. ಮನೆಯಲ್ಲೂ ಕೆಲವು ಲಕ್ಷಣಗಳು ಕಾಣಿಸಿದವು. ಅತ್ತೆ ಕಡುನೀಲಿ ರವಿಕೆಯನ್ನು ಕಪ್ಪು ಎಂದು ತೆಗೆದಿಡುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಬಾಗಿಲಿಗೆ ಹೋಗಿ, ಅಲ್ಲಿಂದ ಅಂಗಳಕ್ಕೆ ಹೋಗಿ, ಕೊನೆಗೆ ಸೂಜಿಯನ್ನೇ ಬೈಯುತ್ತಿದ್ದಳು.

ಒಂದು ಸಲ ಸೊಸೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು, ಅತ್ತೆ ಒಮ್ಮೆ ಕಣ್ಣು ತೋರಿಸಿಕೊಂಡು ಬರೋಣವೇ ಎಂದು. ಗಡ್ಡದಮ್ಮ ಊಟದ ತಟ್ಟೆ ಸರಿಸಿ ಎದ್ದುಬಿಟ್ಟಳು. ಬಾಣಲಿಯ ತಳಕ್ಕೂ ಮುಚ್ಚಳಕ್ಕೂ ವ್ಯತ್ಯಾಸ ಗೊತ್ತಿಲ್ಲದವಳು ನನ್ನ ಕಣ್ಣಿನ ಸುದ್ದಿಗೆ ಬರುತ್ತೀಯಾ, ಈ ಮಾತು ಯಜಮಾನರ ಕಿವಿಗೆ ಬಿದ್ದರೆ ನಾಳೆ ಇಬ್ಬರೂ ಬೀದಿಯಲ್ಲಿ ನಿಲ್ಲಬೇಕು ಎಂದು ಬೈದಳು. ಬೈಗುಳದಲ್ಲಿ ಸೊಸೆಗೆ ನೆಟ್ಟದ್ದು ಕೊನೆಯ ಮಾತೊಂದೇ. ಅದು ನಿಜವಾಗಿತ್ತು. ಕಣ್ಣು ಹೋದ ಮುದುಕಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಮನೆ ಹೋಯಿತು. ಮನೆ ಹೋದರೆ ಈ ವಯಸ್ಸಿನಲ್ಲಿ ಅತ್ತೆಯನ್ನು ಎಲ್ಲಿ ಇಡುವುದು?

ಅವಳೊಂದು ದಾರಿ ಕಂಡುಕೊಂಡಳು. ಅತ್ತೆ ಸಾಲು ಮುಗಿಸಿ ನೆರಳಿಗೆ ಹೋಗಿ ಕೂತಾಗ, ತಪ್ಪಾಗಿ ಕಟ್ಟಿದ ಬಿಲ್ಲೆಗಳನ್ನು ಬಿಚ್ಚಿ ಸರಿಯಾದ್ದನ್ನು ಕಟ್ಟತೊಡಗಿದಳು. ಆ ವರ್ಷ ಹಾಗೇ ನಡೆಯಿತು. ಅದರ ಮುಂದಿನ ವರ್ಷವೂ ನಡೆಯಿತು. ಕೊಂಡವರ ಕಡೆಯಿಂದ ಒಂದು ದೂರೂ ಬರಲಿಲ್ಲ. ಗಡ್ಡದಮ್ಮನ ಕಣ್ಣು ಎಂದರೆ ಕಣ್ಣು ಎಂದು ಯಜಮಾನರು ನಾಲ್ಕು ಜನರ ಮುಂದೆ ಹೊಗಳಿದರು. ಮುದುಕಿ ಉಬ್ಬಿಹೋಗಿ ಮನೆಗೆ ಬಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಸೊಸೆ ಹೂಂಗುಟ್ಟಿದಳು.

ಮೂರನೆಯ ವರ್ಷ ಉಗ್ರಾಣದವನು ನೋಡಿದ. ಗೆಡ್ಡೆಯ ಪೆಟ್ಟಿಗೆಗಳನ್ನು ಎಣಿಸುವ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ, ಎಲ್ಲರ ಮನೆಯ ಸುದ್ದಿಯೂ ಬೇಕಾದ ಮನುಷ್ಯ. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ, ಚಾಡಿ ಹೇಳುವುದರಲ್ಲಿ ಮಾತ್ರ ಪಳಗಿದ ಕೈ. ನೇರವಾಗಿ ಯಜಮಾನರಿಗೆ ಹೇಳಲಿಲ್ಲ. ಗಡ್ಡದಮ್ಮನ ಹತ್ತಿರ ಬಂದು, ನಿಮ್ಮ ಮನೆಯ ಮಾತು, ನನಗೆ ಯಾಕೆ, ಆದರೂ ಮನಸ್ಸು ತಡೆಯುತ್ತಿಲ್ಲ ಎಂದು ರಾಗ ತೆಗೆದ. ನಿಮ್ಮ ಸೊಸೆ ಬಿಳಿತಲೆಯ ಬಿಲ್ಲೆ ಬಿಚ್ಚಿ ನೀಲಿತಲೆಯದು ಕಟ್ಟುತ್ತಿದ್ದಾಳೆ, ಹಿಂದೆ ಒಬ್ಬ ಮಾಡಿದ್ದು ನೆನಪಿದೆಯಲ್ಲ ಅಂದ. ಸೊಸೆಯ ಕಡೆಯ ದಲ್ಲಾಳಿ ಯಾರು ಎಂಬುದನ್ನು ಅವನು ಹೇಳಲಿಲ್ಲ, ಅನುಮಾನ ಹುಟ್ಟಲು ಅಷ್ಟೇ ಸಾಕಿತ್ತು.

ಗಡ್ಡದಮ್ಮ ಅವನಿಗೆ ಬೈದು ಕಳಿಸಿದಳು. ಆದರೆ ಕಿವಿಗೆ ಬಿದ್ದ ಮಾತು ಹೊಟ್ಟೆಗಿಳಿಯಿತು. ಕಾಮಾಲೆ ಕಣ್ಣಿನವರಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಸೊಸೆ ಸಂತೆಗೆ ಹೋಗಿ ತಡವಾಗಿ ಬಂದದ್ದು, ಅಣ್ಣನ ಫೋನು ಬಂದಾಗ ಹೊರಗೆ ಹೋಗಿ ಮಾತಾಡಿದ್ದು, ಹೊಸ ಚಪ್ಪಲಿ ತೆಗೆದುಕೊಂಡದ್ದು, ಒಂದೊಂದೂ ಈಗ ಬೇರೆಯೇ ಆಗಿ ಕಾಣಿಸಿತು. ಇವಳಿಗೇನು ಕಡಿಮೆ ಮಾಡಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ಸೊಸೆಯನ್ನು ಕೇಳಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳು, ಮಾರನೆಯ ದಿನ ನೆರಳಿಗೆ ಹೋಗುವವಳ ಹಾಗೆ ಹೋಗಿ, ನೀರಿನ ತೊಟ್ಟಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಕಾದಳು. ಸೊಸೆ ಬಗ್ಗಿದಳು, ಬಿಲ್ಲೆ ಬಿಚ್ಚಿದಳು, ಬೇರೆಯದು ಕಟ್ಟಿದಳು. ಬಿಚ್ಚಿದ್ದನ್ನು ಚೀಲಕ್ಕೆ ಹಾಕಿಕೊಂಡಳು.

ಮುದುಕಿ ಹಿಂದಿನಿಂದ ಹೋಗಿ ಅವಳ ಮಣಿಕಟ್ಟು ಹಿಡಿದಳು.

"ಅತ್ತೆ, ಇದರ ತಲೆ ನೀಲಿ," ಅಂದಳು ಸೊಸೆ. "ನೀವು ಬಿಳಿ ಅಂದ್ರಿ. ಅದಕ್ಕೇ ಬದಲಾಯಿಸಿದೆ."

ಗಡ್ಡದಮ್ಮ ಹೂವು ನೋಡಿದಳು. ಬೆಳಗಿನ ಬಿಸಿಲು ಬೆನ್ನಿಗಿತ್ತು. ತಲೆ ಬಿಳಿಯಾಗಿತ್ತು, ಹಾಲಿನಷ್ಟು ಬಿಳಿ. ಕಣ್ಣೆದುರು ಇರುವ ಬಿಳಿಯನ್ನು ನೀಲಿ ಎನ್ನುತ್ತಿದ್ದಾಳೆ, ಅದೂ ನನ್ನ ಮುಖ ನೋಡಿಕೊಂಡು. ಕಳ್ಳತನಕ್ಕಿಂತ ಈ ಸುಳ್ಳು ಅವಳನ್ನು ಹೆಚ್ಚು ಸುಟ್ಟಿತು. ಕಾಂಡವನ್ನು ಬುಡದಲ್ಲೇ ಮುರಿದುಕೊಂಡು, ಇನ್ನೊಂದು ಕೈಯಲ್ಲಿ ಸೊಸೆಯನ್ನು ಎಳೆದುಕೊಂಡು ಸೀದಾ ಆಫೀಸಿಗೆ ನಡೆದಳು.

ಯಜಮಾನರು ಕೆಟ್ಟವರಲ್ಲ. ಎಪ್ಪತ್ತು ದಾಟಿದ್ದರು, ಅವಳಿಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು. ಹೂವನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಇಳಿಸಿ, ತಿರುಗಿಸಿ ನೋಡಿದರು. ಬಿಳಿಯೇ ಅಲ್ಲವೇ ಎಂದರು. ಸೊಸೆ ಇಲ್ಲ, ನೀಲಿ ಎಂದಳು. ಇಬ್ಬರಿಗೂ ವಯಸ್ಸಾಗಿದೆ ಎನ್ನುವುದಕ್ಕೆ ಬಾಯಿ ತೆರೆದವಳು ಅತ್ತೆಯ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು. ಅದನ್ನು ಹೇಳಿದರೆ ಅತ್ತೆಯ ಕೆಲಸಕ್ಕೆ ತಾನೇ ಕೊಡಲಿ ಹಾಕಿದ ಹಾಗೆ ಎಂಬುದು ಅವಳಿಗೆ ಗೊತ್ತಿತ್ತು.

ಯಜಮಾನರು ಬಾಗಿಲಲ್ಲಿ ನಿಂತಿದ್ದ ಉಗ್ರಾಣದವನನ್ನು ಕರೆದು, ಹುಡುಗು ಕಣ್ಣು ನಿನ್ನದು, ನೀನು ಹೇಳಪ್ಪ ಎಂದರು. ಅವನು ಹೂವು ನೋಡಿದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ, ಆ ಎಸಳಿನ ನೀಲಿ ಅವನಿಗೆ ಕಂಡೇ ಇರಬೇಕು. ಆದರೆ ಅವನು ಹೂವಿಗಿಂತ ಹೆಚ್ಚು ಹೊತ್ತು ಯಜಮಾನರ ಮುಖ ನೋಡಿದ.

"ನೀವು ಬಿಳಿ ಅಂದ ಮೇಲೆ ಬಿಳೀನೇ ಯಜಮಾನ್ರೇ," ಅಂದ.

ಯಜಮಾನರು ಹೂವನ್ನು ಮೇಜಿನ ಮೇಲಿಟ್ಟರು. ಪೊಲೀಸರವರೆಗೆ ಹೋಗುವ ಮನಸ್ಸು ಅವರಿಗಿರಲಿಲ್ಲ. ಗಡ್ಡದಮ್ಮನ ಕಡೆ ತಿರುಗಿ, ಇವಳು ನಿನ್ನ ಸೊಸೆ, ನೀನು ಒಂದು ಮಾತು ಹೇಳಿದರೆ ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತೇನೆ, ನೀನೇ ಹೇಳು ಎಂದರು. ಒಂದೇ ಮಾತು ಸಾಕಿತ್ತು. ಸೊಸೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಭಯವಿಲ್ಲದೆ ನೋಡುತ್ತಿದ್ದಳು, ಈಗ ಬೈದಾದರೂ ನನ್ನನ್ನು ಬಿಡಿಸಿಕೊಳ್ಳುತ್ತಾರೆ ಎಂಬ ನಂಬಿಕೆಯಿಂದ.

"ಬಿಲ್ಲೆ ಮುಟ್ಟಿದವರು ಯಾರಾದ್ರೂ ಒಂದೇ," ಅಂದಳು ಗಡ್ಡದಮ್ಮ. "ಕಳ್ಳರನ್ನ ನನ್ನ ಮನೇಲಿ ಇಟ್ಕೊಳ್ಳಲ್ಲ."

ಆಡಿದ ಮಾತು, ಒಡೆದ ಮುತ್ತು. ಸೊಸೆ ಆವತ್ತು ಸಂಜೆಯೇ ಬಟ್ಟೆ ಕಟ್ಟಿಕೊಂಡಳು. ಹೋಗುವ ಮೊದಲು ಗ್ಯಾಸ್ ತಿರುಗಣೆ ಬಂದ್ ಮಾಡಿದ್ದೇನೆ, ಒಗೆದ ಬಟ್ಟೆ ಹಿಂದೆ ಒಣಗುತ್ತಿದೆ, ಮಳೆ ಬಂದರೆ ತೆಗೆದುಕೊಳ್ಳಿ ಎಂದಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆ ರಾತ್ರಿ ಮಳೆ ಬರಲಿಲ್ಲ.

ಆಮೇಲಿನ ಒಂದು ವರ್ಷ ಗಡ್ಡದಮ್ಮ ನೆಟ್ಟಗೆ ಬೆನ್ನು ಮಾಡಿಕೊಂಡು ಓಡಾಡಿದಳು. ಸ್ವಂತ ಸೊಸೆ ಎಂದು ನೋಡಲಿಲ್ಲ, ನ್ಯಾಯ ಎಂದರೆ ಇದು ಎಂದು ಜನ ಮೆಚ್ಚಿದರು. ಮೆಚ್ಚಿಗೆಯ ಮಾತು ಕೇಳಿ ಮನೆಗೆ ಬಂದರೆ ಬೀಗ. ಟೀಗೆ ನೀರಿಡುವಾಗ ಎರಡು ಲೋಟ ಅಳೆಯುವ ಕೈಯನ್ನು ಬೈದುಕೊಳ್ಳುತ್ತಿದ್ದಳು. ಮತ್ತೆ ತನಗೆ ತಾನೇ, ಕಳ್ಳಿ ಹೋದದ್ದು ಒಳ್ಳೆಯದೇ ಆಯಿತು ಎಂದು ಹೇಳಿಕೊಳ್ಳುತ್ತಿದ್ದಳು. ಸೊಸೆ ಅಣ್ಣನ ಮನೆಯಲ್ಲೂ ನಿಲ್ಲಲಿಲ್ಲ, ಪೇಟೆಯ ಆಚೆ ಟೈಲ್ಸ್ ಕಾರ್ಖಾನೆ ಸೇರಿದಳು ಎಂಬ ಸುದ್ದಿ ಯಾರೋ ತಂದರು. ಕೇಳಿಸಿದರೂ ಕೇಳಿಸದವಳ ಹಾಗೆ ಇದ್ದಳು.

ಸೊಸೆ ಹೋದ ಬೇಸಿಗೆ ಅಗೆದು ಕಳಿಸಿದ ಗೆಡ್ಡೆಗಳಲ್ಲಿ ಹೆಚ್ಚಿನವುಗಳ ಬಿಲ್ಲೆಗೆ ಅವಳ ಕೈ ಸೋಕಿರಲಿಲ್ಲ. ಮುಂದಿನ ಹೂವಿನ ಕಾಲ ಬಂತು. ಒಂದರ ಹಿಂದೆ ಒಂದು ದೂರು ಬರತೊಡಗಿದವು. ಬಿಳಿತಲೆ ಎಂದು ದುಬಾರಿ ಕೊಟ್ಟು ಕೊಂಡದ್ದೆಲ್ಲ ನೀಲಿತಲೆ ಅರಳಿದೆ, ಇದೇನು ಮೋಸ ಎಂದು. ಯಜಮಾನರಿಗೆ ಆ ಚಳಿಗಾಲದಲ್ಲಷ್ಟೇ ಎರಡೂ ಕಣ್ಣಿನ ಪೊರೆ ತೆಗೆದಿದ್ದರು. ಮಗಳು ಹಟ ಮಾಡಿ ಕರೆದುಕೊಂಡು ಹೋಗಿ ಮಾಡಿಸಿದ್ದಳು. ದೂರುಗಳ ಕಟ್ಟು ಹಿಡಿದುಕೊಂಡು ಅವರು ತಾವೇ ತೋಟಕ್ಕೆ ಬಂದರು. ಗಡ್ಡದಮ್ಮ ಆವತ್ತು ಬೆಳಿಗ್ಗೆಯಷ್ಟೇ ಬಿಳಿತಲೆಯ ಬಿಲ್ಲೆ ಕಟ್ಟಿ ಮುಗಿಸಿದ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ಅರ್ಧಕ್ಕರ್ಧ ನೀಲಿ. ನೋಡಿದ್ದನ್ನು ನಂಬಲಾರದೆ ಮತ್ತೆ ನಡೆದರು.

ಅವಳ ಮುಂದೆ ಬಂದು ನಿಂತು ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ನಾವಿಬ್ಬರೂ ಸೇರಿ ಆ ಹುಡುಗಿಯ ಬಾಳು ಹಾಳು ಮಾಡಿದೆವು, ಮೊದಲು ನೀನು ಕಣ್ಣು ತೋರಿಸು ಎಂದರು. ಅವಳು ನಂಬಲಿಲ್ಲ. ಆದರೂ ಅವರ ಕಾರಿನಲ್ಲಿ ಹೋಗಿ ಕೂತಳು.

ಕಣ್ಣಿನ ಡಾಕ್ಟರಮ್ಮ ದೀಪ ಹಿಡಿದು ನೋಡಿ, ಇಷ್ಟು ಬಲಿಯುವ ತನಕ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಬಣ್ಣ ಹೇಳುತ್ತಿದ್ದೆ ಎಂದಳು ಗಡ್ಡದಮ್ಮ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಈ ಪೊರೆ ಒಂದೇ ದಿನ ಕಟ್ಟುವುದಲ್ಲ, ವರ್ಷಗಟ್ಟಲೆ ನಿಧಾನವಾಗಿ ಹಳದಿಗಟ್ಟುತ್ತದೆ, ಆಗ ಮೊದಲು ಕಳೆದುಹೋಗುವುದು ನೀಲಿ, ಕಳೆದುಕೊಂಡವರಿಗೆ ಅದು ತಿಳಿಯುವುದೇ ಇಲ್ಲ ಎಂದು ವಿವರಿಸಿದಳು. ಈಗ ಬಲಗಣ್ಣು ಮಾಡೋಣ, ಎಡಗಣ್ಣು ಆಮೇಲೆ ಎಂದಳು.

ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಅವಳು ಗೋಡೆ ನೋಡಿದಳು. ಎಡಗಣ್ಣು ಮುಚ್ಚಿ ನೋಡಿದರೆ ಸುಣ್ಣದ ಗೋಡೆ. ಬಲಗಣ್ಣು ಮುಚ್ಚಿ ನೋಡಿದರೆ ಬೆಣ್ಣೆ ಬಳಿದ ಗೋಡೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಜನ ಬೇರೆ ಅರ್ಥದಲ್ಲಿ ಹೇಳುತ್ತಾರೆ, ಅವಳಿಗೆ ಅದು ಅಕ್ಷರಶಃ ಬಂದು ಕೂತಿತು. ಪಕ್ಕದ ಹಾಸಿಗೆಯವಳ ಸೀರೆಯ ನೀಲಿ ಕಣ್ಣಿಗೆ ಚುಚ್ಚುವಷ್ಟು ನೀಲಿಯಾಗಿತ್ತು. ಎಲ್ಲರೂ ಖುಷಿಪಡುವ ಗಳಿಗೆಯದು. ಡಾಕ್ಟರಮ್ಮ ಹೇಗಿದೆ ಅಜ್ಜಿ ಎಂದು ನಗುತ್ತ ಕೇಳಿದಳು. ಅಜ್ಜಿ ಮುಖ ಮುಚ್ಚಿಕೊಂಡಳು.

ತೋಟಕ್ಕೆ ಬಂದಾಗ ಕೊನೆಯ ಹೂಗಳು ಇನ್ನೂ ಇದ್ದವು. ಕಪ್ಪು ಕನ್ನಡಕ ತೆಗೆಯಬೇಡಿ ಎಂದಿದ್ದರು, ತೆಗೆದಳು. ತಾನು ಬಿಳಿತಲೆ ಎಂದು ಕಟ್ಟಿದ ಗಿಡಗಳ ಮುಂದೆ ಒಂದೊಂದಾಗಿ ನಿಂತಳು. ನೀಲಿ, ಬಿಳಿ, ನೀಲಿ, ನೀಲಿ. ದಿಟ್ಟಿಸುವುದೇ ಬೇಕಿರಲಿಲ್ಲ, ಕುರುಡರಿಗೂ ಕಾಣುವಂತಿತ್ತು. ಸೊಸೆಯ ಮಣಿಕಟ್ಟು ಹಿಡಿದ ಜಾಗಕ್ಕೆ ಬಂದಳು. ಮಡಿಯ ಅಂಚಿನಲ್ಲಿ ಕೂತು, ಅಯ್ಯೋ ನನ್ನ ಮಗಳೇ ಎಂದು ಅತ್ತಳು. ಸೊಸೆ ಜೊತೆಗಿದ್ದಾಗ ಆ ಹೆಸರಿನಿಂದ ಅವಳನ್ನು ಒಮ್ಮೆಯೂ ಕರೆದಿರಲಿಲ್ಲ.

ಯಜಮಾನರು ಒಂದು ದಾರಿ ಹೇಳಿದರು. ಕೊಳ್ಳುವವರು ಇನ್ನು ನಿನ್ನ ಬಿಲ್ಲೆ ನಂಬುವುದಿಲ್ಲ, ನಿನ್ನ ಕೈಯಿಂದ ಈ ಕೆಲಸ ಆಗದು, ಆದರೆ ಸೊಸೆ ವಾಪಸು ಬಂದರೆ ಕೆಲಸ ಅವಳದ್ದು, ಮನೆ ನಿಮ್ಮಿಬ್ಬರದ್ದು. ಬರದಿದ್ದರೆ ಬೇರೆಯವರನ್ನು ತರಬೇಕಾಗುತ್ತದೆ, ಮನೆಯೂ ಅವರಿಗೆ ಹೋಗುತ್ತದೆ. ನಾನು ಬಂದು ಕರೆಯಲೇ ಎಂದೂ ಕೇಳಿದರು. ಬೇಡ, ಓಡಿಸಿದವಳು ನಾನು, ಕರೆಯಬೇಕಾದವಳೂ ನಾನೇ ಎಂದು ಗಡ್ಡದಮ್ಮ ಬಸ್ಸು ಹತ್ತಿದಳು.

ಟೈಲ್ಸ್ ಕಾರ್ಖಾನೆಯ ಗೇಟಿನಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಬೂದಿ ಬಣ್ಣದ ಧೂಳು ಎಲ್ಲದರ ಮೇಲೂ ಕೂತಿತ್ತು, ಕಾವಲುಗಾರನ ರೆಪ್ಪೆಯ ಮೇಲೂ. ಊಟದ ಬಿಡುವಿಗೆ ಸೊಸೆ ಹೊರಗೆ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ತೆಳ್ಳಗಾಗಿದ್ದಳು. ಅತ್ತೆಯನ್ನು ಕಂಡು ಒಂದು ಕ್ಷಣ ನಿಂತಳು, ಆಮೇಲೆ ಹತ್ತಿರ ಬಂದು ಊಟ ಆಯಿತಾ ಎಂದು ಕೇಳಿದಳು. ಎದುರಿನ ಗೂಡಂಗಡಿಗೆ ಕರೆದುಕೊಂಡು ಹೋಗಿ ಟೀ, ಬನ್ನು ಕೊಡಿಸಿದಳು. ಇಲ್ಲಿ ಏನು ಕೆಲಸ ಎಂದರೆ, ಒಲೆಯಿಂದ ಬಂದ ಟೈಲ್ಸುಗಳಲ್ಲಿ ಬಣ್ಣದ ಛಾಯೆ ಬೇರೆ ಬೇರೆ ಮಾಡುವುದು ಎಂದಳು. ಒಂದೇ ಬಿಳಿಯಲ್ಲಿ ಐದು ಬಿಳಿ ಇರುತ್ತವೆ, ಎಲ್ಲರಿಗೂ ಕಾಣುವುದಿಲ್ಲ ಎಂದಳು. ಜಂಬ ಇರಲಿಲ್ಲ ಆ ಮಾತಿನಲ್ಲಿ.

ಗಡ್ಡದಮ್ಮ ಎಲ್ಲವನ್ನೂ ಹೇಳಿದಳು. ಪೊರೆಯ ವಿಷಯ, ದೂರುಗಳ ವಿಷಯ, ಯಜಮಾನರ ಮಾತು, ಮನೆಯ ವಿಷಯ. ನಿನ್ನ ತಪ್ಪು ಎಳ್ಳಷ್ಟೂ ಇರಲಿಲ್ಲ, ಎರಡು ವರ್ಷ ನನ್ನ ಮಾನ ಕಾಪಾಡಿದವಳು ನೀನು, ಕಣ್ಣು ಕಾಣದೆ ನಿನಗೆ ಅನ್ಯಾಯ ಮಾಡಿದೆ, ಬಂದುಬಿಡು ತಾಯಿ ಎಂದು ಕೈ ಹಿಡಿದುಕೊಂಡಳು. ಸೊಸೆ ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಂಡಳು. ಮತ್ತೆ ಮಾತಾಡಿದಾಗ ದನಿ ಸರಿಯಾಗಿತ್ತು.

"ಹೂವಿನ ವಿಷಯ ಬಿಡಿ ಅತ್ತೆ. ಅದಕ್ಕೆ ನನಗೆ ಆವತ್ತೂ ಸಿಟ್ಟಿರಲಿಲ್ಲ. ಪೊರೆ ಬಂದಿದೆ ಅಂತ ನನಗೆ ಗೊತ್ತಿತ್ತಲ್ಲ, ನಿಮಗಿಂತ ಮುಂಚೆನೇ ಗೊತ್ತಿತ್ತು. ನೀಲಿ ಹೂವು ನಿಮಗೆ ಬಿಳಿಯಾಗಿ ಕಾಣ್ತು. ಸರಿ. ನಾನು ಕಳ್ಳಿಯಾಗಿ ಕಂಡಿದ್ದು ಯಾವ ಪೊರೆಯಿಂದ? ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ವಿ. ಯಾಕೆ ಮುಟ್ಟಿದೆ ಅಂತ ಮನೇಲಿ ಒಂದು ಮಾತು ಕೇಳಬಹುದಿತ್ತು."

ಗಡ್ಡದಮ್ಮ ಹಿಡಿದಿದ್ದ ಕೈಯನ್ನು ತಾನೇ ಬಿಟ್ಟಳು.

"ನಿಮಗೆ ಏನಾದ್ರೂ ಆದ್ರೆ ಫೋನ್ ಮಾಡ್ಸಿ, ಬರ್ತೀನಿ," ಅಂದಳು ಸೊಸೆ. "ಆ ಮನೆಗೆ ಮಾತ್ರ ಬರಲ್ಲ."

ಒಳಗೆ ಸೈರನ್ ಕೂಗಿತು. ಸೊಸೆ ಟೀಯ ದುಡ್ಡು ಕೊಟ್ಟು, ವಾಪಸು ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸಿ, ಕಪ್ಪು ಕನ್ನಡಕ ಹಾಕಿಕೊಳ್ಳಿ ಧೂಳು ಬಿದ್ದೀತು ಎಂದು ಹೇಳಿ ಗೇಟಿನೊಳಗೆ ಹೋದಳು. ತಿರುಗಿ ನೋಡಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಗಡ್ಡದಮ್ಮ ಮನೆ ಖಾಲಿ ಮಾಡಿದಳು. ಬಣ್ಣ ಹೇಳುವುದಕ್ಕೆ ಹೊಸಬನೊಬ್ಬ ಬಂದ, ಅವನ ಹೆಂಡತಿ ಬಂದು ಕಿಟಕಿಗೆ ಪರದೆ ಕಟ್ಟಿದಳು. ಉಗ್ರಾಣದವನು ಉಗ್ರಾಣದಲ್ಲೇ ಇದ್ದಾನೆ, ಅಂಥವರಿಗೆ ಏನೂ ಆಗುವುದಿಲ್ಲ. ಗಡ್ಡದಮ್ಮ ಈಗ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ. ಎಡಗಣ್ಣನ್ನೂ ತಂಗಿಯ ಮಗ ಮಾಡಿಸಿದ. ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ. ಸೂಜಿಗೆ ದಾರ ಮೊದಲ ಸಲಕ್ಕೇ ಪೋಣಿಸುತ್ತಾಳೆ.

ಸೊಸೆ ಎಲ್ಲಿ ಎಂದು ಮೊದಲೆಲ್ಲ ಯಾರಾದರೂ ಕೇಳಿದರೆ ಹೋದಳು ಎನ್ನುತ್ತಿದ್ದಳು. ಈಗ ಹಾಗೆ ಹೇಳುವುದಿಲ್ಲ. ನಾನು ಓಡಿಸಿದೆ, ಅವಳು ಕದ್ದಿರಲಿಲ್ಲ ಎನ್ನುತ್ತಾಳೆ. ನಲ್ಲಿಯ ಹತ್ತಿರ, ಬಸ್ ನಿಲ್ದಾಣದಲ್ಲಿ, ಕೇಳದವರಿಗೂ ಹೇಳುತ್ತಾಳೆ. ತಂಗಿಗೆ ಇದರಿಂದ ಮುಜುಗರ. ಕತೆ ಕೇಳಿದವರು, ಪಾಪ, ಕಣ್ಣು ಕಾಣದೆ ಆದದ್ದು, ನೀವೇನು ಮಾಡುತ್ತೀರಿ ಎಂದು ಸಮಾಧಾನ ಹೇಳುತ್ತಾರೆ.

"ಕಣ್ಣಿಗೂ ಅದಕ್ಕೂ ಸಂಬಂಧ ಇಲ್ಲ," ಎನ್ನುತ್ತಾಳೆ ಗಡ್ಡದಮ್ಮ.